ಕಾಯಲು ಒಪ್ಪದವರು

ಶುಗರ್ ಎಂದೊಡನೆ ನಮಗೆ ನೆನಪಾಗುವುದು ಅಪ್ಪ, ಮಾವ, ಬೆಳಗಿನ ವಾಕಿಂಗ್, ಸಕ್ಕರೆ ಹಾಕದ ಕಾಫಿ. ನಾನು ಹೇಳಹೊರಟಿರುವುದು ಬೇರೆ ಶುಗರ್‌ನ ಕಥೆ. ಟೈಪ್ 1 ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಅವರ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಆಮೇಲೆ ಬದುಕಿದರು, ಆದರೆ ದಿನವಿಡೀ ಲೆಕ್ಕ ಹಾಕುತ್ತಾ. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರುತ್ತದೆ. ಹೆಚ್ಚಾದರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಪ್ರಾಣವೂ ಹೋಗಬಹುದು.

ಲೆಕ್ಕಕ್ಕೆ ಅಂಕಿ ಬೇಕಲ್ಲ? ದಶಕಗಳ ಕಾಲ ಮನೆಯಲ್ಲಿ ಸಾಧ್ಯವಿದ್ದದ್ದು ಮೂತ್ರ ಪರೀಕ್ಷೆ ಮಾತ್ರ. ಅದು ಕೆಲವು ಗಂಟೆ ಹಿಂದಿನ ಸುದ್ದಿ; ಸಕ್ಕರೆ ಇಳಿದದ್ದು ಅದರಲ್ಲಿ ಗೊತ್ತೇ ಆಗುತ್ತಿರಲಿಲ್ಲ. ರಕ್ತದ ಹನಿ ಹಾಕುವ ಸ್ಟ್ರಿಪ್, ಅದನ್ನು ಓದುವ ಏಮ್ಸ್ ಕಂಪನಿಯ ಮೀಟರ್ ಬಂದಾಗ 1960ರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಕಿಲೋಗೂ ಹೆಚ್ಚು ತೂಕದ ಆ ಯಂತ್ರವನ್ನು ವೈದ್ಯರಿಗಷ್ಟೇ ಮಾರುತ್ತಿದ್ದರು. ಅಮೆರಿಕದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್ ಅವರಿಗೆ 12ನೇ ವಯಸ್ಸಿನಿಂದ ಟೈಪ್ 1. ಅವರ ಹೆಂಡತಿ ವೈದ್ಯೆ. 1969ರಲ್ಲಿ ಆಕೆಯ ಹೆಸರಿನಲ್ಲಿ ಮೀಟರ್ ತರಿಸಿಕೊಂಡು, ದಿನಕ್ಕೆ ಹಲವು ಬಾರಿ ನೋಡಿ, ಊಟ ಮತ್ತು ಡೋಸ್ ಎರಡನ್ನೂ ತಾವೇ ಹೊಂದಿಸಿಕೊಂಡರು. ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಗಳು ಪ್ರಕಟಿಸದಿದ್ದಾಗ, ನಲವತ್ತು ದಾಟಿದ ಮೇಲೆ ಮೆಡಿಕಲ್ ಕಾಲೇಜು ಸೇರಿ ತಾವೇ ವೈದ್ಯರಾದರು! ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಆಗುವ ಹಾನಿ ಬಹಳ ತಗ್ಗುತ್ತದೆ ಎಂದು 1,441 ಜನರ ಮೇಲೆ ನಡೆದ ದೊಡ್ಡ ಅಧ್ಯಯನ ತೋರಿಸಿದ್ದು 1993ರಲ್ಲಿ.

ಚರ್ಮದಡಿ ಕೂತು ಐದೈದು ನಿಮಿಷಕ್ಕೆ ಅಳೆಯುವ ಸೆನ್ಸರ್‌ಗೆ ಅಮೆರಿಕದಲ್ಲಿ 1999ರಲ್ಲಿ ಅನುಮತಿ ಸಿಕ್ಕಿತು. ತಮಾಷೆಯೆಂದರೆ ಮೊದಲ ಸೆನ್ಸರ್‌ನ ಅಂಕಿ ಅದನ್ನು ಧರಿಸಿದವರಿಗೇ ಕಾಣುತ್ತಿರಲಿಲ್ಲ. ಕೆಲವು ದಿನಗಳ ನಂತರ ವೈದ್ಯರು ನೋಡಬೇಕಿತ್ತು. ಆಮೇಲೆ ಪರದೆ ಬಂತು, ಅಲಾರಂ ಬಂತು.

ನನ್ನ ಅಕ್ಕನ ಮಗಳಿಗೆ ಟೈಪ್ 1. ಸೆನ್ಸರ್ ಇಲ್ಲದ ದಿನಗಳಲ್ಲಿ ಅಕ್ಕ ರಾತ್ರಿ ಎರಡು ಗಂಟೆಗೆ ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚಿ ನೋಡುತ್ತಿದ್ದಳು. ಹಾಗಾಗಿ ಸಿಯಾಟಲ್‌ನ ಡೇನಾ ಲೂಯಿಸ್ ಕಥೆ ನನಗೆ ತಟ್ಟನೆ ಅರ್ಥವಾಯಿತು. ಒಬ್ಬರೇ ಮಲಗುತ್ತಿದ್ದ ಅವರಿಗೆ ಸೆನ್ಸರ್‌ನ ಅಲಾರಂನಿಂದ ಎಚ್ಚರವೇ ಆಗುತ್ತಿರಲಿಲ್ಲ. ಸದ್ದು ಜೋರು ಮಾಡೋಣವೆಂದರೆ ಅಂಕಿ ಆ ಯಂತ್ರದಿಂದ ಹೊರಗೆ ಬರಬೇಕಲ್ಲ? ಅಷ್ಟರಲ್ಲಿ ನ್ಯೂಯಾರ್ಕ್ ರಾಜ್ಯದ ಜಾನ್ ಕೋಸ್ಟಿಕ್, ತಮ್ಮ ಪುಟ್ಟ ಮಗನ ಅಂಕಿಯನ್ನು ಆಫೀಸಿನಿಂದಲೇ ನೋಡಲು ಕೋಡ್ ಬರೆದಿದ್ದರು. 2013ರಲ್ಲಿ ಅವರಿಂದ ಅದನ್ನು ಪಡೆದ ಡೇನಾ, ಸಂಗಾತಿ ಸ್ಕಾಟ್ ಲೈಬ್ರಾಂಡ್ ಜೊತೆ ಜೋರು ಅಲಾರಂ ಮಾಡಿಕೊಂಡರು. ಮುಂದೆ ಏನಾಗುತ್ತದೆಂದು ಮೊದಲೇ ಹೇಳುವ ಲೆಕ್ಕವನ್ನೂ ಸೇರಿಸಿದರು. ಆ ಲೆಕ್ಕವನ್ನು ಪುಟ್ಟ ಕಂಪ್ಯೂಟರ್ ಮೂಲಕ ಪಂಪಿಗೆ ಜೋಡಿಸಿದ ವಿನ್ಯಾಸವನ್ನು 2015ರಲ್ಲಿ ಓಪನ್‌ಏಪಿಎಸ್ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಡೇನಾ ಎಂಜಿನಿಯರ್ ಅಲ್ಲ ಎಂಬುದನ್ನು ಎಂಟೆಕ್ ಮಾಡಿದ ನಾನು ಒತ್ತಿ ಹೇಳುತ್ತೇನೆ.

ಪಂಪಿಗೆ ಹೊರಗಿನಿಂದ ಆಜ್ಞೆ ಕೊಡಲು ಸಾಧ್ಯವಾದದ್ದು ಹಳೆಯ ಮಾದರಿಗಳಲ್ಲಿದ್ದ ಒಂದು ಭದ್ರತಾ ಲೋಪದಿಂದ! ನಮ್ಮ ವೃತ್ತಿಯಲ್ಲಿ ಅಂಥದ್ದು ಕಂಡ ಕೂಡಲೇ ಮುಚ್ಚುತ್ತೇವೆ. ಇವರು ಅದಕ್ಕಾಗಿಯೇ ಹಳೆಯ ಪಂಪುಗಳನ್ನು ಹುಡುಕಿದರು. ಆದರೆ ಹುಡುಗಾಟ ಮಾಡಲಿಲ್ಲ. ಸಂಪರ್ಕ ಕಡಿದರೆ ಪಂಪ್ ತನ್ನ ಮಾಮೂಲಿ ಪ್ರಮಾಣಕ್ಕೆ ಮರಳುವಂತೆ ಬರೆದಿದ್ದರು.

ಕಂಪನಿಯೊಂದರ ಇಂಥ ಮೊದಲ ವ್ಯವಸ್ಥೆ, ಮೆಡ್‌ಟ್ರಾನಿಕ್‌ನ 670ಜಿ, ಅನುಮತಿ ಪಡೆದದ್ದು 2016ರ ಸೆಪ್ಟೆಂಬರ್‌ನಲ್ಲಿ. ರೋಗಿಗಳೇ ಬರೆದ ಮತ್ತೊಂದು ಕೋಡ್ 'ಲೂಪ್'. ಅದರಿಂದ ರೂಪುಗೊಂಡ ಟೈಡ್‌ಪೂಲ್ ಲೂಪ್‌ಗೆ 2023ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಇಷ್ಟಾದರೂ ಊಟದ ಲೆಕ್ಕ ಪೂರ್ತಿ ಯಂತ್ರದ ಕೈಗೆ ಹೋಗಿಲ್ಲ. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದ್ದರಿಂದ ಅಂಕಿ ಕೆಲವು ನಿಮಿಷ ತಡ. ಚುಚ್ಚಿದ ಇನ್ಸುಲಿನ್ ಕೆಲಸ ಶುರುಮಾಡುವುದು ಇನ್ನೂ ತಡ. ಅಷ್ಟರಲ್ಲಿ ತಿಂದ ಅನ್ನ ಏರಿಬಿಟ್ಟಿರುತ್ತದೆ. ಹೀಗಾಗಿ ತಟ್ಟೆಯಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆಯೆಂದು ಊಟಕ್ಕೆ ಮೊದಲೇ ಪಂಪಿಗೆ ಹೇಳಬೇಕು. ಒಂದು ಹೋಳಿಗೆಗೆ ಎಷ್ಟು, ಒಂದು ಮುದ್ದೆಗೆ ಎಷ್ಟು ಎಂಬ ಪಟ್ಟಿ ಅಕ್ಕನ ಫ್ರಿಜ್ ಬಾಗಿಲ ಮೇಲೆ ಅವಳ ಕೈಬರಹದಲ್ಲಿದೆ.