ಮನೆ ಕೊಳ್ಳುವಾಗ ಗೋಡೆ, ತಾರಸಿ ನೋಡುವವರು ಯಾರು? ಗ್ಯಾರಂಟಿ ಯಾರದ್ದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳಲ್ಲಿ ಕಟ್ಟಿದ ಮನೆ ಕೊಳ್ಳುವವರು ಇಸಿ, ಇ-ಖಾತೆ, ತಾಯಿಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಮನೆಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ತಾರಸಿ ಸೋರುವುದು ಗೊತ್ತಾಗುವುದು ಗೃಹಪ್ರವೇಶ ಆದ ಮೇಲಿನ ಮೊದಲ ಮಳೆಗೆ.

ಇದಕ್ಕೆ ಗ್ಯಾರಂಟಿ ಇಲ್ವಾ ಅಂದರೆ, ಕೆಲವರಿಗೆ ಇದೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡುಬಂದು ಕೊಂಡವರು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಮಾಡಿ ಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ, 8 ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. 30×40 ಸೈಟು ಅಂದರೆ ಸುಮಾರು 111 ಚದರ ಮೀಟರ್. ನಾಲ್ಕು ಸೈಟು ಸೇರಿಸಿದರೂ 500 ಆಗುವುದಿಲ್ಲ. ಒಂದೊಂದೇ ಸೈಟಿನಲ್ಲಿ ಮನೆ ಕಟ್ಟಿ ಮಾರುವವರಿಂದ ಕೊಂಡವರಿಗೆ, ಹಳೇ ಮನೆ ಕೊಂಡವರಿಗೆ ಈ 5 ವರ್ಷದ ಆಸರೆಯನ್ನು ನೆಚ್ಚಿಕೊಳ್ಳಲು ಆಗದು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವರ ಮೇಲೂ ಹೊಣೆ ಹೊರಿಸಿದೆ. ತನಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಆತ ಹೇಳಲೇಬೇಕು. ನೋಡಿದ್ದರೆ ಕಾಣುತ್ತಿದ್ದ ಬಿರುಕಿಗೆ ಈ ಮಾತು ನಡೆಯುವುದಿಲ್ಲ. ಹಾಗಾಗಿ ಪರಿಶೀಲನೆ ಮುಂಗಡ ಕೊಡುವ ಮುಂಚೆಯೇ ಆಗಬೇಕು.

ಬ್ರೋಕರ್ ಕರೆತರದ, ಮಾರುವವರ ಪರಿಚಯವಿಲ್ಲದ ಸಿವಿಲ್ ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿ, ಜೊತೆಗೊಬ್ಬ ಎಲೆಕ್ಟ್ರಿಷಿಯನ್ ಸಾಕು. ಮಳೆ ಬಂದ ಮಾರನೇ ದಿನ ಹೋದರೆ ಅರ್ಧ ಕೆಲಸ ಮುಗಿದಂತೆ. ಬೇಸಿಗೆಯಾದರೆ ತಾರಸಿಯ ಮೇಲೆ, ಬಚ್ಚಲಲ್ಲಿ ನೀರು ಕಟ್ಟಿ ಒಂದು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಬೇಕು. ಸಂಪು ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೋಟರ್ ಮುಟ್ಟದೆ ಮರುದಿನ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಟೈಲ್ಸನ್ನು ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟ್ ಕೂತಿಲ್ಲ. ಗಾರೆಯ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಓಡಿದ, ನಾಣ್ಯ ತೂರುವಷ್ಟು ಅಗಲದ ಬಿರುಕಿದ್ದರೆ ಎಂಜಿನಿಯರ್ ಹೇಳುವ ತನಕ ವ್ಯಾಪಾರ ಬೇಡ. ಒಂದೇ ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರೆ ಯಾಕೆ ಅಂತ ಕೇಳಿ. ರೇಷ್ಮೆ ರೀಲಿಂಗ್ ನಡೆದ ಮನೆಯಾದರೆ ಹಬೆ, ನೀರು ತಾಗಿದ ಗೋಡೆಯ ಬುಡ ಉದುರುತ್ತಿದೆಯೇ ನೋಡಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿತ್ತು. ಆಗ ಆ ಬೀದಿಗೆ ಎಷ್ಟು ನೀರು ಬಂದಿತ್ತು ಅನ್ನೋದನ್ನ ಬ್ರೋಕರ್‌ಗಿಂತ ಪಕ್ಕದ ಅಂಗಡಿಯವರು ಸರಿಯಾಗಿ ಹೇಳುತ್ತಾರೆ.

ಸಿಕ್ಕ ದೋಷಗಳನ್ನು ಫೋಟೊ ಸಮೇತ ಬರೆದಿಟ್ಟು, ಯಾರು, ಯಾವ ತಾರೀಖಿನೊಳಗೆ ರಿಪೇರಿ ಮಾಡಿಸಬೇಕು ಅನ್ನುವುದನ್ನು ಕರಾರು ಪತ್ರದಲ್ಲೇ ಸೇರಿಸಬೇಕು. 'ಆಮೇಲೆ ಮಾಡ್ಸಿ ಕೊಡ್ತೀನಿ ಬಿಡಣ್ಣ' ಅನ್ನುವ ಬಾಯಿಮಾತು ಕ್ರಯಪತ್ರ ನೋಂದಣಿಯಾದ ಮೇಲೆ ನಿಲ್ಲುವುದು ಕಷ್ಟ. ವಾಟರ್ ಪ್ರೂಫಿಂಗ್, ಸೋಲಾರ್ ಹೀಟರ್, ಮೋಟರ್‌ಗಳ ಬಿಲ್ಲು, ವಾರಂಟಿ ಕಾರ್ಡುಗಳನ್ನೂ ಅವತ್ತೇ ಪಡೆದು, ಮಾಲೀಕರು ಬದಲಾದರೂ ವಾರಂಟಿ ಉಳಿಯುತ್ತದೆಯೇ ಅಂತ ಓದಿಕೊಳ್ಳಬೇಕು.

ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್‌ಗೆ ಕೊಟ್ಟು ಕಟ್ಟಿಸಿದವರ ದಾರಿ ಬೇರೆ. ಮನೆ ನಿರ್ಮಾಣವೂ ಸೇವೆಯೇ ಆದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಗಡುವು.