ರಕ್ತಗುಂಪು, ಪಿತೃತ್ವ ಮತ್ತು ಹೈದರಾಬಾದಿನ ಪ್ರಯೋಗಾಲಯಗಳು

ಪಿತೃತ್ವದ ವ್ಯಾಜ್ಯಗಳಲ್ಲಿ ರಕ್ತಗುಂಪಿನ ಸಾಕ್ಷ್ಯ ಎಲ್ಲಿಯವರೆಗೆ ನಿಲ್ಲುತ್ತದೆ, ಡಿಎನ್‌ಎ ಪರೀಕ್ಷೆ ಅದನ್ನು ಎಲ್ಲಿ ಮೀರಿತು ಎಂಬುದನ್ನು ಹೈದರಾಬಾದಿನ ಪ್ರಯೋಗಾಲಯಗಳ ನಿದರ್ಶನದಿಂದ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ರಕ್ತಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದರು. ಒಂದೇ ಜೀನಿನ ಮೂರು ರೂಪಗಳಾದ ಎ, ಬಿ, ಒಗಳಿಂದ ಅವು ಆನುವಂಶಿಕವಾಗಿ ಬರುತ್ತವೆ ಎಂದು 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ತೋರಿಸಿಕೊಟ್ಟರು. ಮಗುವಿಗೆ ತಾಯಿಯಿಂದ ಒಂದು ರೂಪ, ತಂದೆಯಿಂದ ಇನ್ನೊಂದು. ಎ, ಬಿ ಎರಡೂ ಪ್ರಬಲ, ಒ ದುರ್ಬಲ.

ತಾಯಿ ಒ, ಮಗು ಬಿ ಎಂದುಕೊಳ್ಳೋಣ. ಮಗುವಿನ ಬಿ ತಂದೆಯಿಂದಲೇ ಬಂದಿರಬೇಕು. ಆದ್ದರಿಂದ ಎ ಅಥವಾ ಒ ಗುಂಪಿನವನು ಸಾಮಾನ್ಯವಾಗಿ ತಂದೆಯಲ್ಲ. ಆದರೆ ಬಿ ಗುಂಪಿನವನೇ ತಂದೆ ಎನ್ನಲಾಗದು. ಊರಿನಲ್ಲಿ ಬಿ ಗುಂಪಿನವರು ಬೇಕಾದಷ್ಟು ಜನ ಇರುತ್ತಾರೆ. ತಾಯಿ ಎ, ಮಗು ಒ ಆಗಿದ್ದರಂತೂ ಎಬಿ ಗುಂಪಿನವನನ್ನು ಬಿಟ್ಟರೆ ಯಾರನ್ನೂ ಹೊರಗಿಡಲಾಗದು.

ನಿರಾಕರಣೆಗೂ ಅಪವಾದವಿದೆ. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು ವರದಿ ಮಾಡಿದ 'ಬಾಂಬೆ' ಗುಂಪಿನವರಲ್ಲಿ ಎ, ಬಿ ಪ್ರತಿಜನಕಗಳಿಗೆ ಆಧಾರವಾದ ಎಚ್ ಪ್ರತಿಜನಕವೇ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅವರು ಒ ಎಂದೇ ಕಾಣುತ್ತಾರೆ. ಆದರೂ ಎ ಅಥವಾ ಬಿ ಜೀನನ್ನು ಮಕ್ಕಳಿಗೆ ದಾಟಿಸಬಲ್ಲರು. ಆಂಟಿ-ಎಚ್ ಪರೀಕ್ಷೆ ಮಾಡದಿದ್ದರೆ ನಿಜವಾದ ತಂದೆಯೇ ಹೊರಬೀಳಬಹುದು.

ಈ ಮಿತಿಯನ್ನು ಮೀರಿದ್ದು ಡಿಎನ್‌ಎ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಲಾಲ್ಜಿ ಸಿಂಗ್ 1980ರ ದಶಕದಲ್ಲಿ ಡಿಎನ್‌ಎ ಬೆರಳಚ್ಚಿನ ಒಂದು ವಿಧಾನವನ್ನು ರೂಪಿಸಿದರು. ಕೇರಳದ ತಲಶ್ಶೇರಿಯ ಪಿತೃತ್ವ ವ್ಯಾಜ್ಯದಲ್ಲಿ ಅವರ ಸಾಕ್ಷ್ಯವನ್ನು ನ್ಯಾಯಾಲಯ ಒಪ್ಪಿತು. 2012ರಲ್ಲಿ ರಾಜಕಾರಣಿ ಎನ್. ಡಿ. ತಿವಾರಿ ಅವರ ಪಿತೃತ್ವವನ್ನು ಖಚಿತಪಡಿಸಿದ ಪರೀಕ್ಷೆ ನಡೆದದ್ದೂ ಇದೇ ನಗರದ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರದಲ್ಲಿ (ಸಿಡಿಎಫ್‌ಡಿ). ಡಿಎನ್‌ಎ ಪರೀಕ್ಷೆಯಲ್ಲಿ ಒಂದೇ ಜೀನನ್ನು ನೆಚ್ಚಿಕೊಳ್ಳುವುದಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುವ ಅನೇಕ ತಾಣಗಳನ್ನು ಒಟ್ಟಿಗೆ ಹೋಲಿಸಲಾಗುತ್ತದೆ.

ಕಾನೂನಿನ ಎಚ್ಚರ ಬೇರೆಯದು. ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂಬುದು 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನ ಪೂರ್ವಭಾವನೆಯಾಗಿತ್ತು. ಕೇಳಿದಾಕ್ಷಣ ರಕ್ತಪರೀಕ್ಷೆಗೆ ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. 2014ರ ಇನ್ನೊಂದು ಪ್ರಕರಣದಲ್ಲಿ ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯದ ಮರುಪರೀಕ್ಷೆಯನ್ನು ಆಧರಿಸಿ, ಸ್ಥಾಪಿತ ಸತ್ಯದ ಮುಂದೆ ಪೂರ್ವಭಾವನೆ ನಿಲ್ಲದು ಎಂದಿತು.

ಹೀಗಾಗಿ, ರಕ್ತಗುಂಪು ಸಂಶಯಕ್ಕೆ ಎಡೆ ಕೊಡಬಹುದು, ತೀರ್ಪಿಗೆ ಸಾಲದು. ಆಸ್ಪತ್ರೆಯ ಚೀಟಿಯಲ್ಲಿನ ಒಂದು ಅಕ್ಷರವನ್ನು ನಂಬಿ ತಾಯಿಯ ಮೇಲೆ ಅಪವಾದ ಹೊರಿಸುವುದಕ್ಕೆ, ಮಗುವನ್ನು ಕೈಬಿಡುವುದಕ್ಕೆ ವಿಜ್ಞಾನದ ಆಧಾರವಿಲ್ಲ.