ಪಾರ್ವೊವೈರಸ್ ಬಿ19 ಮತ್ತು ರಕ್ತಹೀನತೆ

ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಹುಟ್ಟನ್ನೇ ತಡೆಯುವ, ಒಂದೆಳೆ ಡಿಎನ್‌ಎಯ ಪುಟ್ಟ ವೈರಸ್ಸು ಪಾರ್ವೊವೈರಸ್ ಬಿ19. ಲ್ಯಾಟಿನ್ ಭಾಷೆಯ ‘ಪಾರ್ವಸ್’ ಎಂದರೆ ಚಿಕ್ಕದು. ಲಂಡನ್ನಿನಲ್ಲಿ ಇವೋನ್ ಕೊಸಾರ್ಟ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ಪತ್ತೆಗೆಂದು ರಕ್ತದ ಮಾದರಿಗಳನ್ನು ಪರೀಕ್ಷಿಸುತ್ತಿದ್ದಾಗ ಇದು ಆಕಸ್ಮಿಕವಾಗಿ ಕಂಡಿತು, 1975ರಲ್ಲಿ ವರದಿಯಾಯಿತು. ಪರೀಕ್ಷೆಯ ಮಾದರಿಗಳ ‘ಬಿ’ ಸಾಲಿನಲ್ಲಿ 19ನೆಯದಾಗಿದ್ದುದೇ ಅದಕ್ಕೆ ಹೆಸರಾಯಿತು.

ವೈರಸ್ಸು ಸಿಕ್ಕಿತ್ತು, ಅದರಿಂದ ಬರುವ ರೋಗ ತಿಳಿದಿರಲಿಲ್ಲ. ಆನುವಂಶಿಕ ರಕ್ತರೋಗವಿದ್ದವರಲ್ಲಿ ರಕ್ತ ಹಠಾತ್ತನೆ ಕುಸಿಯುವುದನ್ನು ನಾರ್ವೆಯ ಪಾಲ್ ಓವ್ರೆನ್ 1948ರಲ್ಲೇ ವಿವರಿಸಿದ್ದರು. 1981ರಲ್ಲಿ ಲಂಡನ್ ಮತ್ತು ಜಮೈಕಾದ ಸಿಕಲ್ ಸೆಲ್ ರೋಗಿಗಳ ಅಧ್ಯಯನಗಳು ಅಂಥ ಕುಸಿತಕ್ಕೆ ಬಿ19 ಕಾರಣವೆಂದು ತೋರಿಸಿದವು. ಮಕ್ಕಳ ಕೆನ್ನೆ ಕೆಂಪೇರಿಸುವ ‘ಐದನೆಯ ಕಾಯಿಲೆ’ಯೂ ಇದರದೇ ಎಂದು 1983ರಲ್ಲಿ ಗೊತ್ತಾಯಿತು. 1985ರಲ್ಲಿ ವರದಿಯಾದ ಪ್ರಯೋಗದಲ್ಲಿ, ಸ್ವಇಚ್ಛೆಯಿಂದ ಸೋಂಕು ಹಾಕಿಸಿಕೊಂಡ ಆರೋಗ್ಯವಂತರ ರಕ್ತದಿಂದಲೂ ಎಳೆಯ ಕೆಂಪುಕಣಗಳಾದ ರೆಟಿಕ್ಯುಲೊಸೈಟ್‌ಗಳು ಕೆಲವು ದಿನ ಮಾಯವಾದವು. ಕೆಂಪುಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ವಾರದ ಕೊರತೆ ಅವರನ್ನು ಬಾಧಿಸಲಿಲ್ಲ. ಕಣಗಳು ಬೇಗನೆ ಸಾಯುವ ಸಿಕಲ್ ಸೆಲ್ ರೋಗಿಗೆ ಅದೇ ವಾರ ಪ್ರಾಣಾಂತಿಕವಾಗಬಹುದು.

ಮುಂದಿನ ತಿರುವು ರೋಗನಿರೋಧಕ ಶಕ್ತಿ ಕುಂದಿದವರಿಂದ ಬಂತು. ಅವರಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿದು ಮಜ್ಜೆಯನ್ನು ಬರಿದಾಗಿಸುವುದನ್ನು ಅಮೆರಿಕದ ಗ್ಯಾರಿ ಕರ್ಟ್ಜ್‌ಮನ್, ನೀಲ್ ಯಂಗ್ ಮೊದಲಾದವರು 1987ರಿಂದೀಚೆಗೆ ತೋರಿಸಿದರು. ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಫಲಕಾರಿಯೆಂದು 1989ರಲ್ಲಿ ಪ್ರಕಟಿಸಿದರು. ವೈರಸ್ಸು ಕಣಗಳಿಗೆ ಅಂಟಿಕೊಳ್ಳುವ ‘ಪಿ’ ಆ್ಯಂಟಿಜೆನ್ ಹುಟ್ಟಿನಿಂದಲೇ ಇಲ್ಲದ ವಿರಳ ಜನರಿಗೆ ಈ ಸೋಂಕು ತಗಲದೆಂಬುದು 1994ರಲ್ಲಿ ಬೆಳಕಿಗೆ ಬಂತು.

ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ದೀರ್ಘ ಉರಿಯೂತಗಳಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಪಡೆಯುವವರಲ್ಲಿ ಬಿ19 ಸೋಂಕನ್ನು ಗುರುತಿಸುವುದು ಬಹು ಕಷ್ಟ. ಅವರಲ್ಲಿ ರಕ್ತಸ್ರಾವ, ಕಬ್ಬಿಣದ ಕೊರತೆ ಸಾಮಾನ್ಯ. ಉರಿಯೂತ ತಣಿಸಲು ಕೊಡುವ ಅಜಾಥಯೋಪ್ರಿನ್ ತಾನೇ ಮಜ್ಜೆಯನ್ನು ಕುಗ್ಗಿಸಬಲ್ಲದು. ಹೀಗಾಗಿ ಅನುಮಾನ ವೈರಸ್ಸಿನತ್ತ ಹೋಗುವುದು ತಡವಾಗುತ್ತದೆ. ಹಿಮೋಗ್ಲೋಬಿನ್ ತೀವ್ರವಾಗಿ ಇಳಿದಿದ್ದು ರೆಟಿಕ್ಯುಲೊಸೈಟ್ ಎಣಿಕೆ ಸೊನ್ನೆಯ ಹತ್ತಿರವಿದ್ದರೆ ಬಿ19 ನೆನಪಾಗಲೇಬೇಕು. ಇಂಥ ರೋಗಿಗಳಲ್ಲಿ ಪ್ರತಿಕಾಯಗಳು ಮೂಡದೆಯೂ ಇರಬಹುದಾದ್ದರಿಂದ, ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮುಖ್ಯ. ಬಿ19ಕ್ಕೆಂದೇ ಅನುಮೋದಿತ ಔಷಧವಾಗಲಿ ಲಸಿಕೆಯಾಗಲಿ ಇಲ್ಲ. ರಕ್ತ ಕೊಡುವುದು, ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದನ್ನು ಸಾಧ್ಯವಿದ್ದಷ್ಟು ಕಡಿಮೆ ಮಾಡುವುದು, ಬೇಕಾದಾಗ ಇಮ್ಯುನೊಗ್ಲಾಬ್ಯುಲಿನ್ ನೀಡುವುದು ಇಂದಿನ ಕ್ರಮ.